ಓಡುವ ಮಕ್ಕಳ ಹೃದಯ: ಇಸಿಜಿಗೆ ಸಿಗುವುದೆಷ್ಟು, ಮನೆಯವರಿಗೆ ಗೊತ್ತಿರುವುದೆಷ್ಟು

ತುಮಕೂರಿನಲ್ಲಿ ಬೆಳಗಿನ ಜಾವ ಮೈದಾನದ ಕಡೆ ಹೋದರೆ ಪೊಲೀಸ್ ಕೆಲಸಕ್ಕೋ ಮಿಲಿಟರಿಗೋ ತಯಾರಿ ಮಾಡುವ ಮಕ್ಕಳು ಓಡುತ್ತಿರುತ್ತಾರೆ. ಕಾನ್‌ಸ್ಟೆಬಲ್ ಆಗಬೇಕೆಂದರೆ ಹುಡುಗರು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸಬೇಕು. ಹುಡುಗಿಯರು 400 ಮೀಟರನ್ನು ಎರಡು ನಿಮಿಷದೊಳಗೆ. ಗುಬ್ಬಿ, ಕೊರಟಗೆರೆ, ಮಧುಗಿರಿ ಕಡೆಯ ಹಳ್ಳಿಗಳಲ್ಲಿ ಮೈದಾನ ಇಲ್ಲದವರು ಟಾರು ರಸ್ತೆಯ ಅಂಚಿನಲ್ಲೇ ಓಡುತ್ತಾರೆ. ಹಬ್ಬ, ಜಾತ್ರೆ ಬಂತೆಂದರೆ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಶುರು. ಕ್ರೀಡಾಪಟು ಅಂದ ತಕ್ಷಣ ನಮಗೆ ಟಿವಿಯಲ್ಲಿ ಕಾಣುವವರ ಮುಖ ನೆನಪಾಗುತ್ತದೆ. ಈ ಮಕ್ಕಳೂ ಕ್ರೀಡಾಪಟುಗಳೇ ಅಲ್ವಾ? ಅವರ ಎದೆಯೂ ಅಷ್ಟೇ ಜೋರಾಗಿ ಹೊಡೆದುಕೊಳ್ಳುತ್ತದೆ. ತಂಡದ ಡಾಕ್ಟರ್ ಮಾತ್ರ ಇವರ ಜೊತೆ ಇರುವುದಿಲ್ಲ.

ಆಗಾಗ ಒಂದು ಸುದ್ದಿ ಬರುತ್ತದೆ. ಆಡುತ್ತಾ ಆಡುತ್ತಾ ಯಾವುದೋ ಊರಿನ ಹುಡುಗ ಕುಸಿದು ಬಿದ್ದ, ಆಸ್ಪತ್ರೆಗೆ ಹೋಗುವಷ್ಟರಲ್ಲಿ ಜೀವ ಇರಲಿಲ್ಲ. ಬೀಡಿ ಸಿಗರೇಟು ಮುಟ್ಟಿದವನಲ್ಲ, ಕಲ್ಲಿನಂಥ ಮೈಕಟ್ಟು. ಊರಿನವರು ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ದೃಷ್ಟಿ ಆಯ್ತು ಅಂತಾರೆ, ಲಸಿಕೆ ಅಂತಾರೆ, ಜಿಮ್ ಪೌಡರ್ ಅಂತಾರೆ. ಹೆಚ್ಚಿನ ಸಲ ಕಾರಣ ಹುಟ್ಟಿನಿಂದಲೇ ಆ ಹೃದಯದಲ್ಲಿ ಕೂತಿರುತ್ತದೆ. ಕೆಲವು ಇಸಿಜಿಯಲ್ಲಿ ಮೊದಲೇ ಸಿಗುತ್ತವೆ. ಕೆಲವಕ್ಕೆ ಸುಳಿವು ಮನೆಯ ಅಜ್ಜಿಯ ಬಾಯಲ್ಲಿರುತ್ತದೆ. ಇನ್ನು ಕೆಲವು ಯಾವ ಪರೀಕ್ಷೆಗೂ ಸಿಗುವುದಿಲ್ಲ, ಅಂಥವರನ್ನು ಉಳಿಸುವುದು ಮೈದಾನದಲ್ಲಿ ಪಕ್ಕದಲ್ಲಿ ನಿಂತವರ ಕೈ ಮಾತ್ರ. ನಾವು ಇಸಿಜಿ ಬಗ್ಗೆ ತುಂಬಾ ಮಾತಾಡುತ್ತೇವೆ, ಉಳಿದ ಎರಡನ್ನು ಮರೆತೇಬಿಡುತ್ತೇವೆ ಅನ್ನುವುದು ನನ್ನ ಸಂಕಟ.

ಮೊದಲು ಒಳಗೆ ಏನಾಗುತ್ತದೆ ನೋಡೋಣ. ತೋಟದ ಬೋರ್‌ವೆಲ್ ನೋಡಿಕೊಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಪೈಪು ಕಟ್ಟಿಕೊಂಡರೂ ನೀರು ಬರುವುದಿಲ್ಲ, ಕರೆಂಟ್ ಕೈಕೊಟ್ಟರೂ ಬರುವುದಿಲ್ಲ. ಹಾರ್ಟ್ ಅಟ್ಯಾಕ್ ಅಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು. ಆಗ ಎದೆ ನೋವು, ಬೆವರು, ಸಂಕಟ ಇರುತ್ತದೆ. ಮನುಷ್ಯ ಎಚ್ಚರವಾಗಿರುತ್ತಾನೆ, ಆಸ್ಪತ್ರೆಗೆ ಹೋಗಲು ಸ್ವಲ್ಪ ಸಮಯ ಸಿಗುತ್ತದೆ. ಕಾರ್ಡಿಯಾಕ್ ಅರೆಸ್ಟ್ ಆದಾಗ ಕೆಡುವುದು ಹೃದಯದ ವಿದ್ಯುತ್. ಲಯವಾಗಿ ಹಿಂಡಬೇಕಾದ ಕೆಳಗಿನ ಕೋಣೆಗಳು ಸುಮ್ನೆ ಅದುರುತ್ತಾ ನಿಲ್ಲುತ್ತವೆ. ರಕ್ತ ಮುಂದಕ್ಕೆ ಹೋಗುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಮೆದುಳಿಗೆ ರಕ್ತ ನಿಂತು ಮನುಷ್ಯ ಕುಸಿಯುತ್ತಾನೆ. ಹಾರ್ಟ್ ಅಟ್ಯಾಕ್ ಆದವರಿಗೂ ಇದು ಆಗಬಹುದು, ಆದರೆ ನಾಳಗಳು ಪೂರ್ತಿ ಶುಭ್ರವಾಗಿದ್ದವರಿಗೂ ಆಗಬಹುದು.

ಇಲ್ಲಿ ವಯಸ್ಸಿನ ಲೆಕ್ಕ ಮುಖ್ಯ. 35 ದಾಟಿದವರಲ್ಲಿ ಹೀಗಾದರೆ ಹೆಚ್ಚಾಗಿ ರಕ್ತನಾಳದ ಕಾಯಿಲೆಯೇ ಮೂಲ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೋದಾಗ ಅವರಿಗೆ 46 ವರ್ಷ. ಆ ವಯಸ್ಸಿನಲ್ಲಿ ನೋಡಬೇಕಾದದ್ದು ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ತಂಬಾಕು. 35ರ ಒಳಗಿನ ಕಥೆಯೇ ಬೇರೆ. 17 ವರ್ಷದ ಕಬಡ್ಡಿ ಆಟಗಾರನಿಗೆ ಕೊಲೆಸ್ಟ್ರಾಲ್ ಪರೀಕ್ಷೆ ಒಂದನ್ನೇ ಮಾಡಿಸಿ 'ಹಾರ್ಟ್ ಚೆನ್ನಾಗಿದೆ' ಅಂದುಕೊಂಡರೆ ಏನೂ ತಿಳಿದಂತಾಗಲಿಲ್ಲ.

ಈ ವಯಸ್ಸಿನವರಲ್ಲಿ ಎಲ್ಲ ಕಡೆ ಕೇಳಿಬರುವ ಒಂದು ಕಾಯಿಲೆ ಹೃದಯದ ಸ್ನಾಯು ದಪ್ಪವಾಗುವುದು. ಡಾಕ್ಟರುಗಳು ಎಚ್‌ಸಿಎಂ ಅನ್ನುತ್ತಾರೆ. ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆ, ಅಂದರೆ ಅಪರೂಪವೇನಲ್ಲ. ಗೋಡೆಯ ದಪ್ಪ ಮಾಮೂಲಿಯಾಗಿ 12 ಮಿಲಿಮೀಟರ್ ದಾಟುವುದಿಲ್ಲ. ಇವರಲ್ಲಿ 15 ಅಥವಾ ಅದಕ್ಕೂ ಜಾಸ್ತಿ ಆಗುತ್ತದೆ, ಎರಡು ಕೆಳಕೋಣೆಗಳ ನಡುವಿನ ಗೋಡೆಯಲ್ಲಿ ಮುಖ್ಯವಾಗಿ. ಸ್ನಾಯುವಿನ ಎಳೆಗಳು ಸಾಲಾಗಿ ಇರದೆ ಅಡ್ಡಾದಿಡ್ಡಿಯಾಗಿರುತ್ತವೆ. ಅಲ್ಲಿ ವಿದ್ಯುತ್ ದಾರಿ ತಪ್ಪುತ್ತದೆ. ಜೋರು ಓಟ, ಬಿಸಿಲು, ನೀರು ಕಡಿಮೆಯಾದ ಮೈ ಇವೆಲ್ಲ ಸೇರಿದರೆ ಅಪಾಯ ಹೆಚ್ಚು. ಕ್ಯಾಮರೂನ್ ದೇಶದ ಫುಟ್‌ಬಾಲ್ ಆಟಗಾರ ಮಾರ್ಕ್ ವಿವಿಯನ್ ಫೋ 2003ರ ಜೂನ್ 26ರಂದು ಫ್ರಾನ್ಸಿನ ಲಿಯಾನ್ ಮೈದಾನದಲ್ಲಿ ಬಿದ್ದು ತೀರಿಕೊಂಡರು. ವಯಸ್ಸು 28. ಮರಣೋತ್ತರ ಪರೀಕ್ಷೆಯಲ್ಲಿ ಕಂಡದ್ದು ಇದೇ ಕಾಯಿಲೆ.

ಇದು ವಂಶದಲ್ಲಿ ಹರಿಯುತ್ತದೆ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ನಮ್ಮ ಉಪಖಂಡದ ಜನರಲ್ಲಿ ಇನ್ನೊಂದು ವಿಚಾರವೂ ಇದೆ. ಹೃದಯ ಸ್ನಾಯುವಿನ ಒಂದು ಜೀನ್‌ನಲ್ಲಿ ಡಿಎನ್ಎಯ 25 ಅಕ್ಷರಗಳಷ್ಟು ತುಂಡು ಬಿಟ್ಟುಹೋಗಿರುವುದು ನಮ್ಮಲ್ಲಿ ನೂರಕ್ಕೆ ಸುಮಾರು 4 ಮಂದಿಯಲ್ಲಿ ಕಾಣುತ್ತದೆ. ಹೈದರಾಬಾದಿನ ಸಿಸಿಎಂಬಿ ಎಂಬ ಜೀವಕೋಶ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇತರರ ಜೊತೆ ಸೇರಿ 2009ರಲ್ಲಿ ಇದನ್ನು ಪ್ರಕಟಿಸಿದರು. ಇದಿದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಬಂದರೂ ಹೆಚ್ಚಾಗಿ ನಡುವಯಸ್ಸು ದಾಟಿದ ಮೇಲೆ. ಹಾಗಾಗಿ ಈ ಸಂಖ್ಯೆ ನೋಡಿ ಯಾರೂ ಹೆದರುವುದು ಬೇಡ. ಆದರೆ ಮನೆತನದ ಇತಿಹಾಸವನ್ನು ನಾವು ಯಾಕೆ ಗಂಭೀರವಾಗಿ ತೆಗೆದುಕೊಳ್ಳಬೇಕು ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಎರಡನೇ ಬಗೆಯದು ಕಣ್ಣಿಗೆ ಕಾಣದ ದೋಷ. ಹೃದಯ ನೋಡಲು ಸರಿಯಾಗಿಯೇ ಇರುತ್ತದೆ, ವಿದ್ಯುತ್ತಿನಲ್ಲಿ ಮಾತ್ರ ಎಡವಟ್ಟು. ಲಾಂಗ್ ಕ್ಯೂಟಿ ಅನ್ನುವ ಕಾಯಿಲೆಯಲ್ಲಿ ಒಂದು ಬಡಿತ ಮುಗಿದು ಹೃದಯ ಮುಂದಿನದಕ್ಕೆ ಸಜ್ಜಾಗಲು ಜಾಸ್ತಿ ಹೊತ್ತು ಹಿಡಿಯುತ್ತದೆ. ಇದರ ಒಂದು ಬಗೆಯಲ್ಲಿ ಈಜುವಾಗ ಲಯ ತಪ್ಪುತ್ತದೆ. ಇನ್ನೊಂದರಲ್ಲಿ ಅಲಾರಂ, ಪಟಾಕಿಯಂಥ ದಿಢೀರ್ ಶಬ್ದಕ್ಕೆ ತಪ್ಪುತ್ತದೆ. ನಮ್ಮ ಕಡೆ ಬಾವಿ, ಕೆರೆಯಲ್ಲಿ ಈಜು ಚೆನ್ನಾಗಿ ಬಲ್ಲ ಹುಡುಗ ಮುಳುಗಿ ಹೋದ ಅನ್ನುವ ಮಾತು ಕೇಳುತ್ತಿರುತ್ತೇವೆ. ಎಲ್ಲವೂ ಹೃದಯದಿಂದಲೇ ಅಂತ ಹೇಳಲಾಗದು. ಆದರೆ ಈಜು ಬಲ್ಲವನು ಕಾರಣವಿಲ್ಲದೆ ಮುಳುಗಿದ್ದರೆ ಆ ಮನೆಯ ಮಿಕ್ಕ ಮಕ್ಕಳಿಗೆ ಒಂದು ಇಸಿಜಿ ಆಗಲೇಬೇಕು.

ಸೋದರಮಾವನಿಗೋ ಅತ್ತೆ ಮಗನಿಗೋ ಕೊಟ್ಟು ಮದುವೆ ಮಾಡುವುದು ನಮ್ಮಲ್ಲಿ ಇದ್ದದ್ದೇ. ತಂದೆ ತಾಯಿ ಇಬ್ಬರಿಂದಲೂ ಒಂದೇ ದೋಷದ ಜೀನ್ ಬಂದರೆ ಲಾಂಗ್ ಕ್ಯೂಟಿಯ ಜೊತೆ ಹುಟ್ಟು ಕಿವುಡೂ ಬರುವ ಒಂದು ತೀವ್ರ ರೂಪವಿದೆ. ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಇದು ಬರುವ ಸಾಧ್ಯತೆ ಹೆಚ್ಚು. ಕಿವಿ ಕೇಳದ ಮಗು ಓಡುವಾಗಲೋ ಹೆದರಿದಾಗಲೋ ಎಚ್ಚರ ತಪ್ಪಿ ಬೀಳುತ್ತಿದ್ದರೆ ಫಿಟ್ಸ್ ಅಂತ ಸುಮ್ಮನಾಗಬೇಡಿ. ಹೃದಯದ ಡಾಕ್ಟರಿಗೆ ತೋರಿಸಿ. ಇದಕ್ಕೆ ಔಷಧಿ ಇದೆ.

ಉಳಿದವನ್ನು ಚುಟುಕಾಗಿ ಹೇಳುತ್ತೇನೆ. ಹೃದಯಕ್ಕೆ ರಕ್ತ ಕೊಡುವ ನಾಳವೇ ತಪ್ಪು ಜಾಗದಿಂದ ಹೊರಟಿರುತ್ತದೆ ಕೆಲವರಲ್ಲಿ. ವೈರಲ್ ಜ್ವರದ ಬೆನ್ನಿಗೆ ಹೃದಯದ ಸ್ನಾಯುವಿಗೆ ಉರಿಯೂತ ಬರುವುದುಂಟು. ಹಾಗೆ ಬಂದರೆ ಮೂರರಿಂದ ಆರು ತಿಂಗಳು ಆಟ ಬಿಡಿಸುತ್ತಾರೆ. ಮೈಯಲ್ಲಿ ಜ್ವರ ಇಟ್ಟುಕೊಂಡು ಮ್ಯಾಚ್ ಆಡುವುದನ್ನು ಶೌರ್ಯ ಅಂದುಕೊಳ್ಳುವ ಅಭ್ಯಾಸ ದಯವಿಟ್ಟು ನಿಲ್ಲಲಿ. ಇನ್ನು ಕ್ರಿಕೆಟ್ ಬಾಲ್ ಎದೆಯ ಮೇಲೆ ಸರಿಯಾಗಿ ಒಂದು ಕ್ಷಣಾರ್ಧದಲ್ಲಿ ಬಡಿದರೆ ಪೂರ್ತಿ ಆರೋಗ್ಯವಂತ ಹೃದಯವೂ ಲಯ ತಪ್ಪಬಹುದು. ಅದಕ್ಕೆ ಮೊದಲೇ ಮಾಡುವ ಯಾವ ಪರೀಕ್ಷೆಯೂ ಇಲ್ಲ.

ಇಷ್ಟೆಲ್ಲ ಓದಿ ಮಕ್ಕಳನ್ನು ಮನೆಯಲ್ಲಿ ಕೂರಿಸಿಬಿಡಬೇಡಿ. ಅಮೆರಿಕದ ಕಾಲೇಜು ಆಟಗಾರರ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 50 ಸಾವಿರ ಮಂದಿಗೆ ಒಬ್ಬರು ಹೀಗೆ ಸಾಯುತ್ತಾರೆ. ಹುಡುಗಿಯರಿಗಿಂತ ಹುಡುಗರಲ್ಲಿ ಜಾಸ್ತಿ. ಆಟ ಆಡದೆ ಕೂತು ತಿಂದು ಬರುವ ಕಾಯಿಲೆಗಳು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ಜನರನ್ನು ಕೊಲ್ಲುತ್ತವೆ. 2025ರಲ್ಲಿ ಹಾಸನದಿಂದ ಹೃದಯಾಘಾತದ ಸಾಲು ಸಾವಿನ ಸುದ್ದಿ ಬಂದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಕಿಕ್ಕಿರಿದು ನಿಂತರು. ಆಮೇಲೆ ತಜ್ಞರ ಸಮಿತಿ ನೋಡಿ, ಸಾವು ಅಸಹಜವಾಗಿ ಏರಿಲ್ಲ ಎಂದು ಹೇಳಿತು. ಲಸಿಕೆಯ ಅನುಮಾನಕ್ಕೂ ಉತ್ತರ ಇದೆ. ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ದೇಶದ 47 ಆಸ್ಪತ್ರೆಗಳಲ್ಲಿ 18ರಿಂದ 45 ವರ್ಷದವರ ದಿಢೀರ್ ಸಾವುಗಳನ್ನು ಅಧ್ಯಯನ ಮಾಡಿ 2023ರಲ್ಲಿ ಪ್ರಕಟಿಸಿತು. ಕೋವಿಡ್ ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಹೆಚ್ಚಿಸಿದ್ದು ಯಾವುದು ಗೊತ್ತಾ? ಕುಟುಂಬದಲ್ಲಿ ದಿಢೀರ್ ಸಾವಿನ ಇತಿಹಾಸ, ಕೋವಿಡ್ ಬಂದು ಆಸ್ಪತ್ರೆ ಸೇರಿದ್ದು, ವಿಪರೀತ ಕುಡಿತ, ಸಾವಿಗೆ ಒಂದೆರಡು ದಿನ ಮೊದಲು ಮಾಡಿದ ಅತಿ ಶ್ರಮ. ಮನೆತನದ ಇತಿಹಾಸ ಇಲ್ಲೂ ಬಂತು ನೋಡಿ.

ಈಗ ಇಸಿಜಿಗೆ ಬರೋಣ. ಮಾಡಿಸಿಕೊಳ್ಳದವರಿಗೆ ಅದರ ಹೆದರಿಕೆಯೇ ಜಾಸ್ತಿ. ನಿಜಕ್ಕೂ ಅಲ್ಲಿ ಹೆದರುವಂಥದ್ದು ಏನೂ ಇಲ್ಲ. ಅಂಗಿ ಬಿಚ್ಚಿ ಮಲಗಿಸುತ್ತಾರೆ. ಕೈ ಕಾಲುಗಳಿಗೆ ನಾಲ್ಕು ಕ್ಲಿಪ್, ಎದೆಗೆ ತಣ್ಣನೆಯ ಜೆಲ್ ಹಚ್ಚಿ ಆರು ಬಟ್ಟಲು. ಅಲ್ಲಾಡದೆ ಮಲಗಿದರೆ ಗುಲಾಬಿ ಚೌಕುಳಿ ಕಾಗದದ ಮೇಲೆ ಗೆರೆ ಬೀಳುತ್ತದೆ. ಗೆರೆ ಬೀಳುವುದು ಹತ್ತು ಸೆಕೆಂಡಿನ ಕೆಲಸ, ಎಲ್ಲ ಸೇರಿ ಐದು ನಿಮಿಷ. ಹೃದಯದಿಂದ ಬರುವ ಕರೆಂಟನ್ನು ಯಂತ್ರ ಬರೆದುಕೊಳ್ಳುತ್ತದೆ ಅಷ್ಟೇ, ಮೈಗೆ ಕರೆಂಟ್ ಬಿಡುವುದಿಲ್ಲ.

ದಪ್ಪ ಸ್ನಾಯುವಿನ ಕಾಯಿಲೆ ಇದ್ದವರಲ್ಲಿ ನೂರಕ್ಕೆ ತೊಂಬತ್ತರಷ್ಟು ಜನರ ಇಸಿಜಿ ಅಸಹಜವಾಗಿರುತ್ತದೆ. ಲಾಂಗ್ ಕ್ಯೂಟಿ ಬಹಳಷ್ಟು ಸಲ ಸಿಗುತ್ತದೆ. ಹೃದಯದಲ್ಲಿ ಒಂದು ತಂತಿ ಹೆಚ್ಚಿಗೆ ಇರುವ ಡಬ್ಲ್ಯೂಪಿಡಬ್ಲ್ಯೂ ಕೂಡ ಸಿಗುತ್ತದೆ. ತಪ್ಪು ಜಾಗದಿಂದ ಹೊರಟ ರಕ್ತನಾಳ ಸಾಮಾನ್ಯವಾಗಿ ಸಿಗುವುದಿಲ್ಲ. ಓಡುವಾಗಲೋ ಗಾಬರಿಯಾದಾಗಲೋ ಲಯ ತಪ್ಪಿಸುವ ಸಿಪಿವಿಟಿ ಎಂಬ ಕಾಯಿಲೆ, ಮಲಗಿಸಿ ತೆಗೆದ ಇಸಿಜಿಯಲ್ಲಿ ಕಾಣುವುದೇ ಇಲ್ಲ. ಅದಕ್ಕೆ ಟ್ರೆಡ್‌ಮಿಲ್ ಮೇಲೆ ಓಡಿಸಿಯೇ ನೋಡಬೇಕು.

ಹಾಗಾದರೆ ಎಲ್ಲ ಆಟಗಾರರಿಗೂ ಕಡ್ಡಾಯ ಮಾಡಿಬಿಡಬಹುದಲ್ಲ ಅಂತ ಕೇಳಬಹುದು. ಜಗತ್ತಿನಲ್ಲಿ ಈ ಜಗಳ ಇನ್ನೂ ಮುಗಿದಿಲ್ಲ. ಇಟಲಿ 1982ರಲ್ಲೇ ಕಾನೂನು ತಂದು ಸ್ಪರ್ಧೆಗೆ ಇಳಿಯುವವರಿಗೆ ಇಸಿಜಿ ಕಡ್ಡಾಯ ಮಾಡಿತು. ಅಲ್ಲಿನ ವೆನೆಟೊ ಪ್ರಾಂತ್ಯದಲ್ಲಿ ಯುವ ಆಟಗಾರರ ಸಾವು ವರ್ಷಕ್ಕೆ ಲಕ್ಷಕ್ಕೆ 3.6 ಇದ್ದದ್ದು 2004ರ ಹೊತ್ತಿಗೆ 0.4ಕ್ಕೆ ಇಳಿಯಿತು. ದೊಡ್ಡ ಸಾಧನೆ. ಆದರೆ ಇಸ್ರೇಲ್ ಕೂಡ 1997ರಲ್ಲಿ ಇಂಥದೇ ಕಾನೂನು ತಂದಿತು. ಅಲ್ಲಿ ಮುಂಚಿನ ಮತ್ತು ನಂತರದ ವರ್ಷಗಳನ್ನು ಹೋಲಿಸಿದಾಗ ವ್ಯತ್ಯಾಸ ಕಾಣಲಿಲ್ಲ. ಇಂಗ್ಲೆಂಡಿನಲ್ಲಿ 1996ರಿಂದ 2016ರವರೆಗೆ 11,168 ಎಳೆಯ ಫುಟ್‌ಬಾಲ್ ಆಟಗಾರರಿಗೆ ಇಸಿಜಿ, ಎಕೋ (ಹೃದಯದ ಸ್ಕ್ಯಾನಿಂಗ್) ಎರಡೂ ಮಾಡಿದರು. 42 ಮಂದಿಯಲ್ಲಿ ಜೀವಕ್ಕೆ ಅಪಾಯ ತರುವ ಕಾಯಿಲೆ ಸಿಕ್ಕಿತು. ಅವರಲ್ಲಿ ಬಹುಪಾಲು ಮಂದಿ ಚಿಕಿತ್ಸೆ ಪಡೆದು ಮತ್ತೆ ಆಟಕ್ಕೆ ಬಂದರು. ಅದೇ ಗುಂಪಿನಲ್ಲಿ ಮುಂದೆ 8 ಮಂದಿ ಹೃದಯದ ಕಾಯಿಲೆಯಿಂದ ತೀರಿಕೊಂಡರು. ಆ 8ರಲ್ಲಿ 6 ಮಂದಿಗೆ ಪರೀಕ್ಷೆಯಲ್ಲಿ ಎಲ್ಲ ಸರಿ ಎಂದೇ ಬಂದಿತ್ತು.

ಈ ಒಂದು ಅಧ್ಯಯನದಲ್ಲೇ ಎರಡೂ ಸತ್ಯ ಇವೆ. ಪರೀಕ್ಷೆ ಜೀವ ಉಳಿಸುತ್ತದೆ. ಪರೀಕ್ಷೆ ಪಾಸಾದರೆ ಗ್ಯಾರಂಟಿ ಸಿಕ್ಕಂತೆ ಅಲ್ಲ.

ಇನ್ನೊಂದು ಕಷ್ಟ ಇದೆ. ವರ್ಷಗಟ್ಟಲೆ ಓಡಿದವರ ಹೃದಯ ನಿಧಾನವಾಗಿ ಬಡಿಯುತ್ತದೆ, ನಿಮಿಷಕ್ಕೆ 45, 50. ಗೋಡೆ ಸ್ವಲ್ಪ ದಪ್ಪವಾಗುತ್ತದೆ. ಇದು ತಾಲೀಮಿನ ಫಲ, ಕಾಯಿಲೆಯಲ್ಲ. ಆಟಗಾರರ ಇಸಿಜಿ ಓದಿ ಅಭ್ಯಾಸ ಇಲ್ಲದವರು ಇದನ್ನೇ ಕಾಯಿಲೆ ಅಂದುಬಿಡುವುದುಂಟು. ಪಾವಗಡದ ಒಬ್ಬ ಹುಡುಗನಿಗೆ 'ನಿನ್ನ ಹಾರ್ಟ್ ಸರಿಯಿಲ್ಲ, ಓಡಬೇಡ' ಅಂತ ತಪ್ಪಾಗಿ ಹೇಳಿದರೆ ಅವನ ಪೊಲೀಸ್ ಕೆಲಸ, ಮನೆಯ ಆಸೆ ಎಲ್ಲ ಮುಗಿಯಿತು. ಇದಕ್ಕೆ ಹೆದರಿಯೇ ಎಷ್ಟೋ ಮಕ್ಕಳು ತಲೆ ಸುತ್ತಿದ್ದನ್ನು ಯಾರಿಗೂ ಹೇಳುವುದಿಲ್ಲ. ಆಟಗಾರರ ಇಸಿಜಿಯನ್ನು ಹೇಗೆ ಓದಬೇಕು ಅನ್ನುವುದಕ್ಕೆ 2017ರಿಂದ ಅಂತಾರಾಷ್ಟ್ರೀಯ ಮಾನದಂಡಗಳಿವೆ. ವರದಿ ಅಸಹಜ ಅಂತ ಬಂದರೆ 'ನಾನು ದಿನಾ ಓಡುತ್ತೇನೆ' ಅಂತ ಡಾಕ್ಟರಿಗೆ ಹೇಳಿ, ಎಕೋ ಮಾಡಿಸಿ, ಹೃದ್ರೋಗ ತಜ್ಞರನ್ನು ಕಂಡ ಮೇಲೆಯೇ ತೀರ್ಮಾನಕ್ಕೆ ಬನ್ನಿ. ತುಮಕೂರಿನಿಂದ ಬೆಂಗಳೂರು 70 ಕಿಲೋಮೀಟರ್. ಒಂದು ದಿನದ ಓಡಾಟ, ಅಷ್ಟೇ.

ನನ್ನನ್ನು ಕೇಳಿದರೆ ನಮ್ಮ ಜಿಲ್ಲೆಯಲ್ಲಿ ಇಸಿಜಿಗಿಂತ ಮೊದಲು ನಾಲ್ಕು ಪ್ರಶ್ನೆ ಬರಬೇಕು. ಓಡುವಾಗ ಯಾವತ್ತಾದರೂ ಎಚ್ಚರ ತಪ್ಪಿ ಬಿದ್ದಿದ್ದೀಯಾ? ಓಡುವಾಗ ಎದೆ ನೋವು ಬರುತ್ತಾ? ಜೊತೆಯವರಿಗಿಂತ ನಿನಗೇ ಬೇಗ ಉಸಿರು ಕಟ್ಟುತ್ತಾ, ಎದೆ ಡವಡವ ಅಂತ ಲಯ ತಪ್ಪುತ್ತಾ? ಮನೆತನದಲ್ಲಿ ಐವತ್ತರ ಒಳಗೆ ಯಾರಾದರೂ ದಿಢೀರಂತ ಹೋಗಿದ್ದಾರಾ? ಕೊನೆಯ ಪ್ರಶ್ನೆಯನ್ನು ಹುಡುಗನಿಗೆ ಕೇಳಿದರೆ ಪ್ರಯೋಜನವಿಲ್ಲ, ಅಜ್ಜಿಯನ್ನು ಕೇಳಬೇಕು. 'ದೊಡ್ಡಪ್ಪ ಹೊಲದಲ್ಲಿ ಕೂತಲ್ಲೇ ಹೋದ', 'ಚಿಕ್ಕಮ್ಮನ ಮಗ ಮಲಗಿದವನು ಏಳಲಿಲ್ಲ' ಅನ್ನುವ ಮಾತು ಅಲ್ಲಿಂದಲೇ ಬರುವುದು. ಬಿಸಿಲಲ್ಲಿ ಪ್ರಾರ್ಥನೆಗೆ ನಿಂತು ತಲೆ ಸುತ್ತಿ ಬೀಳುವುದು ಬಹುತೇಕ ನಿರಪಾಯ. ಓಟದ ಮಧ್ಯೆ, ಯಾವ ಸೂಚನೆಯೂ ಇಲ್ಲದೆ ಬೀಳುವುದು ಹಾಗಲ್ಲ. ಅಂಥವರು ಪೂರ್ತಿ ತಪಾಸಣೆ ಮುಗಿಯುವವರೆಗೆ ಒಂದು ಸುತ್ತೂ ಓಡಬಾರದು.

ಈ ಪ್ರಶ್ನೆ ಕೇಳಲು ಡಾಕ್ಟರೇ ಬೇಕಿಲ್ಲ, ಪಿಟಿ ಮೇಷ್ಟ್ರು ಸಾಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರ್ಕಾರಿ ಶಾಲೆಗಳಿಗೆ ಬಂದಾಗಲೂ ಇದನ್ನು ಹೇಳಬಹುದು. ಗಂಭೀರವಾಗಿ ತಾಲೀಮು ಶುರು ಮಾಡುವ ಮುಂಚೆ ಒಂದು ಇಸಿಜಿಯೂ ಆಗಲಿ, ಅದು ನನ್ನ ಮನಸ್ಸಿನ ಮಾತು. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ಬೇಗ ಓದಿಸುವ ಏರ್ಪಾಡು ಮಾಡಿದೆ. ಅದು ಹಾರ್ಟ್ ಅಟ್ಯಾಕ್ ಆದವರಿಗಾಗಿ ಇರುವಂಥದ್ದು. ಆಟದ ಮಕ್ಕಳ ತಪಾಸಣೆಗೂ ಅದೇ ಯಂತ್ರವನ್ನು ವರ್ಷಕ್ಕೆ ಕೆಲವು ದಿನ ಬಳಸಿದರೆ ಎಷ್ಟು ಚೆನ್ನ.

ಇಷ್ಟಾದರೂ ಕೆಲವರು ಬೀಳುತ್ತಾರೆ. ಬಿದ್ದಾಗ ನಮ್ಮ ಕಡೆ ಏನಾಗುತ್ತದೆ? ಹುಡುಗ ಅಂಕಣದಲ್ಲಿ ಬಿದ್ದ. ಕೈಕಾಲು ಒಂದೆರಡು ಸಲ ಅದುರಿತು. 'ಫಿಟ್ಸು, ಫಿಟ್ಸು' ಅಂತ ಯಾರೋ ಕೂಗಿದರು. ಒಬ್ಬ ಬೈಕಿನ ಕೀ ಗೊಂಚಲು ತಂದು ಅಂಗೈಗೆ ತುರುಕಿದ. ಇನ್ನೊಬ್ಬ ಮುಖಕ್ಕೆ ನೀರು ಎರಚಿದ. ಮತ್ತೊಬ್ಬ ಮೂಗಿಗೆ ಈರುಳ್ಳಿ ಹಿಡಿದ. ಗಂಟಲಿಂದ ಗೊರ್ ಅಂತ ಶಬ್ದ ಬಂದದ್ದಕ್ಕೆ 'ಉಸಿರಾಡ್ತಿದ್ದಾನೆ, ಏನಾಗಲ್ಲ' ಅಂತ ಧೈರ್ಯ ಹೇಳಿದರು. ಎಲ್ಲರಿಗೂ ಅವನು ಉಳಿಯಲಿ ಅನ್ನುವ ಆಸೆಯೇ. ಆದರೆ ಹೃದಯ ನಿಂತಾಗಲೂ ಮೊದಲು ಕೈಕಾಲು ಅದುರುತ್ತವೆ. ಆ ಗೊರಕೆ ಉಸಿರಾಟವಲ್ಲ, ಮೆದುಳಿಗೆ ರಕ್ತ ನಿಂತಾಗ ಬರುವ ಶಬ್ದ. ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆ.

ಯಾರೂ ಢಿಕ್ಕಿ ಹೊಡೆಯದೆ ಆಟಗಾರ ಕುಸಿದರೆ, ಕರೆದರೆ ಓಗೊಡದಿದ್ದರೆ, ಸರಿಯಾದ ಉಸಿರು ಇಲ್ಲದಿದ್ದರೆ ಹೃದಯ ನಿಂತಿದೆ ಎಂದೇ ತಿಳಿಯಿರಿ. ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಮಂಡಿಯೂರಿ, ಎದೆಯ ನಡುಭಾಗದಲ್ಲಿ ಒಂದು ಅಂಗೈ ಮೇಲೆ ಇನ್ನೊಂದು ಇಟ್ಟು, ಮೊಣಕೈ ಮಡಿಸದೆ ಒತ್ತಲಿ. ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಎದೆ ಪೂರ್ತಿ ಮೇಲೇಳಬೇಕು. ಎರಡು ನಿಮಿಷಕ್ಕೆ ಸುಸ್ತಾಗುತ್ತದೆ, ಆಗ ಬೇರೊಬ್ಬರು ಒತ್ತಲಿ. ಪಕ್ಕೆಲುಬು ಮುರಿದೀತು ಅಂತ ಹೆದರಬೇಡಿ, ಮುರಿದದ್ದು ಕೂಡಿಕೊಳ್ಳುತ್ತದೆ. ಶಾಕ್ ಕೊಟ್ಟು ಹೃದಯದ ಲಯ ಸರಿಪಡಿಸುವ ಎಇಡಿ ಯಂತ್ರ ಇದ್ದರೆ ತಕ್ಷಣ ತನ್ನಿ. ಅದು ತಾನೇ ಮಾತಾಡಿ ದಾರಿ ಹೇಳುತ್ತದೆ, ಶಾಕ್ ಬೇಕಿಲ್ಲದವರಿಗೆ ಶಾಕ್ ಕೊಡುವುದಿಲ್ಲ. ಜಿಲ್ಲಾ ಕ್ರೀಡಾಂಗಣದಲ್ಲಿ, ನೇಮಕಾತಿಯ ಓಟ ನಡೆಯುವ ಮೈದಾನದಲ್ಲಿ ಒಂದೊಂದು ಎಇಡಿ ಇರಬೇಕು ಎಂದು ಕೇಳುವ ಹಕ್ಕು ನಮಗಿದೆ. ಪಂದ್ಯಾವಳಿಯ ಬ್ಯಾನರಿಗೆ, ಡಿಜೆಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ತೆಗೆದರೆ ಮೈದಾನದ ಪಕ್ಕ ಒಂದು ಆಂಬುಲೆನ್ಸ್ ನಿಲ್ಲಿಸಬಹುದು.

2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್. ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಎರಡನೇ ಗೋಲು ಹೊಡೆದರು, ಅದೇ ಗಳಿಗೆಯಲ್ಲಿ ಗೋಲ್‌ಕೀಪರ್‌ಗೆ ಢಿಕ್ಕಿಯಾಗಿ ಬಿದ್ದರು, ಹೃದಯ ನಿಂತು ಮತ್ತೆ ಏಳಲಿಲ್ಲ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಬಿದ್ದಾಗ ಅಲ್ಲೇ ಎದೆ ಒತ್ತಿದರು, ಒಂದು ಶಾಕ್ ಕೊಟ್ಟರು, ಅವರು ಬದುಕಿದರು. ಎರಿಕ್ಸನ್ ಆಗ ಇಟಲಿಯ ಕ್ಲಬ್ಬಿನಲ್ಲಿದ್ದರು. ಜಗತ್ತಿನಲ್ಲೇ ಬಿಗಿಯಾದ ತಪಾಸಣೆ ಇರುವ ದೇಶದಲ್ಲಿ ಪಾಸಾಗಿ ಬಂದ ಹೃದಯ ಅದು. ಲಯ ತಪ್ಪಿದರೆ ತಾನೇ ಶಾಕ್ ಕೊಡುವ ಐಸಿಡಿ ಎಂಬ ಪುಟ್ಟ ಯಂತ್ರವನ್ನು ಎದೆಯೊಳಗೆ ಹಾಕಿಸಿಕೊಂಡು, 2022ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಕ್ಲಬ್ ಒಂದಕ್ಕೆ ಮತ್ತೆ ಆಡಿದರು.

ಕೈ ಮೀರಿ ಹೋದ ಮನೆಗಳ ಬಗ್ಗೆ ಒಂದು ಮಾತು. ಅಂಥ ಹೊತ್ತಿನಲ್ಲಿ ಮರಣೋತ್ತರ ಪರೀಕ್ಷೆ ಅಂದರೆ 'ಮಗುವನ್ನ ಕೊಯ್ಯೋದು ಬೇಡ' ಅನ್ನುವ ಸಂಕಟ ನನಗೂ ಅರ್ಥವಾಗುತ್ತದೆ. ಹಾಸನದ ಘಟನೆಗಳ ನಂತರ ರಾಜ್ಯ ಸರ್ಕಾರ, ಆಸ್ಪತ್ರೆಯ ಹೊರಗಾಗುವ ಇಂಥ ದಿಢೀರ್ ಸಾವುಗಳಲ್ಲಿ ಮರಣೋತ್ತರ ಪರೀಕ್ಷೆ ಕಡ್ಡಾಯ ಮಾಡುವುದಾಗಿ ಹೇಳಿತು. ಅದಕ್ಕೆ ಬಲವಾದ ಕಾರಣವಿದೆ. ಹೃದಯದ ಸ್ನಾಯು ದಪ್ಪವಿತ್ತು ಎಂದು ಗೊತ್ತಾದರೆ ತಮ್ಮನನ್ನೋ ತಂಗಿಯನ್ನೋ ಉಳಿಸಿಕೊಳ್ಳಬಹುದು. ಏನೂ ಸಿಗದಿದ್ದರೆ ವಿದ್ಯುತ್ ದೋಷದ ಅನುಮಾನ ಬಲವಾಗುತ್ತದೆ, ಆಗಲೂ ಹುಡುಕಬೇಕಾದದ್ದು ಒಡಹುಟ್ಟಿದವರಲ್ಲೇ. ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ ಎಲ್ಲರಿಗೂ ಇಸಿಜಿ, ಎಕೋ ಆಗಬೇಕು. ಒಮ್ಮೆ ಸರಿ ಬಂತು ಅಂತ ಬಿಡುವ ಹಾಗಿಲ್ಲ. ದಪ್ಪ ಸ್ನಾಯುವಿನ ಕಾಯಿಲೆ ಮೈ ಬೆಳೆಯುವ ಹರೆಯದಲ್ಲೇ ಹೆಚ್ಚಾಗಿ ತಲೆ ಎತ್ತುತ್ತದೆ. ಅದಕ್ಕೇ ಆ ವಯಸ್ಸಿನ ಮಕ್ಕಳಿಗೆ ಒಂದೆರಡು ವರ್ಷಕ್ಕೊಮ್ಮೆ ಮತ್ತೆ ನೋಡಿಸುತ್ತಿರಬೇಕು.